ಕಿಲ್ಮೋರಿಯ ಹಸಿರು ಕಲ್ಲು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಆರ್ಗೈಲ್‌ನಲ್ಲಿ ಕಿಲ್ಮೋರಿ ನ್ಯಾಪ್ ಅಂತ ಒಂದು ಪುಟ್ಟ ಚಾಪೆಲ್, ಅಂದರೆ ಕ್ರೈಸ್ತರ ಪ್ರಾರ್ಥನಾ ಮಂದಿರ ಇದೆ. ಗೋಡೆಗಳು 13ನೇ ಶತಮಾನದವು, ಹಳೆಯ ಮಾಡು ಯಾವತ್ತೋ ಹೋಗಿತ್ತು. ಅಲ್ಲಿನ ಕೆತ್ತನೆಯ ಸಮಾಧಿ ಕಲ್ಲುಗಳನ್ನು ಈಗ ಒಳಗಿಟ್ಟು, ಬೆಳಕು ಬರುವಂಥ ಹೊಸ ಮಾಡು ಹಾಕಿದ್ದಾರೆ.

ಕೆಲವು ಕಲ್ಲುಗಳ ಮೇಲೆ ಉದ್ದನೆಯ ಕತ್ತಿ ಇದೆ. ಅಷ್ಟಕ್ಕೇ ಇವು ಟೆಂಪ್ಲರ್ ಎಂಬ ಮಧ್ಯಯುಗದ ಕ್ರೈಸ್ತ ಯೋಧ ಪಂಥದವರ ಗುಪ್ತ ಸಮಾಧಿಗಳು ಅನ್ನುವ ಕಥೆ ಹಬ್ಬಿದೆ. ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಪೋಪ್ ಆ ಪಂಥವನ್ನು ರದ್ದು ಮಾಡಿದ್ದು 1312ರಲ್ಲಿ. ಈ ಶೈಲಿಯ ಕಲ್ಲುಗಳು ಹೆಚ್ಚಾಗಿ 14ರಿಂದ 16ನೇ ಶತಮಾನದವು, ಗೇಲಿಕ್ ಭಾಷೆಯಾಡುವ ಅಲ್ಲಿನ ಪಾಳೆಯಗಾರರು ಕೆತ್ತಿಸಿದವು. ಕತ್ತಿ ಅವರ ಅಂತಸ್ತಿನ ಗುರುತು, ನಮ್ಮ ವೀರಗಲ್ಲುಗಳಲ್ಲೂ ಕತ್ತಿ ಇರುತ್ತದೆ ಅಲ್ವಾ? 15ನೇ ಶತಮಾನದ ಒಂದು ಶಿಲುಬೆಯ ಮೇಲಂತೂ 'ಇದು ಅಲೆಕ್ಸಾಂಡರ್ ಮ್ಯಾಕ್‌ಮಿಲನ್‌ನ ಶಿಲುಬೆ' ಅಂತ ಲ್ಯಾಟಿನ್‌ನಲ್ಲಿ ಬರೆದೇ ಇದೆ. ಒಂದು ಕಡೆ ಯೇಸು, ಇನ್ನೊಂದು ಕಡೆ ಜಿಂಕೆ ಬೇಟೆ. 1493ರಲ್ಲಿ ಸ್ಕಾಟ್ಲೆಂಡಿನ ರಾಜ ಈ ಪಾಳೆಯಗಾರರ ಮೇಲಿನ ಗೇಲಿಕ್ ದೊರೆಯಿಂದ ಪಶ್ಚಿಮದ ದ್ವೀಪಗಳ ಒಡೆತನ ಕಿತ್ತುಕೊಂಡ, ಆಮೇಲೆ ಈ ಕೆತ್ತನೆಯ ಕಸುಬಿಗೆ ಆಸರೆ ಕಮ್ಮಿಯಾಗುತ್ತಾ ಹೋಯಿತು.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಕಲ್ಲೇ. ಲಾಖ್ ಸ್ವೀನ್ ಎಂಬ ಕಡಲ ಚಾಚಿನ ದಂಡೆಯಲ್ಲಿ ಸಿಗುವ ಹಸಿರು ಕ್ಲೋರೈಟ್ ಶಿಸ್ಟ್ ಅದು, ಅಂದರೆ ಕ್ಲೋರೈಟ್ ಎಂಬ ಹಸಿರು ಖನಿಜ ತುಂಬಿದ ಪದರಗಲ್ಲು. 1117ರ ಬೇಲೂರು ದೇಗುಲದ ಬಳಪದ ಕಲ್ಲೂ ಇದೇ ಬಳಗದ್ದು! ನೆಲದಾಳದ ಒತ್ತಡಕ್ಕೆ ಖನಿಜದ ಚಪ್ಪಟೆ ಹರಳುಗಳು ಒಂದರ ಮೇಲೊಂದು, ಒಂದೇ ದಿಕ್ಕಿಗೆ ಮಲಗಿಬಿಡುತ್ತವೆ. ಇಸ್ಪೀಟಿನ ಕಟ್ಟು ನೆನಪಿಸಿಕೊಳ್ಳಿ, ಎಲೆಗಳನ್ನು ಬಿಡಿಸುವುದು ಸುಲಭ, ಇಡೀ ಕಟ್ಟನ್ನು ಅಡ್ಡಕ್ಕೆ ಹರಿಯುವುದು ಕಷ್ಟ. ಅಥವಾ ಮದುವೆ ಊಟದ ಚಿರೋಟಿ, ಬೆರಳು ತಾಕಿದರೆ ಪದರ ಪದರವಾಗಿ ಏಳುತ್ತದೆ. ಹಾಗಾಗಿಯೇ ಬೆಣೆ ಹೊಡೆದರೆ ಆಳುದ್ದದ ಚಪ್ಪಡಿ ಎದ್ದು ಬರುತ್ತದೆ. ಕ್ಲೋರೈಟಿನ ಗಡಸುತನ, ಖನಿಜಗಳಿಗೆ 1ರಿಂದ 10ರವರೆಗೆ ಅಂಕ ಕೊಡುವ ಮೋಸ್ (Mohs) ಮಾಪಕದಲ್ಲಿ 2ರಿಂದ 2.5, ಹೆಚ್ಚುಕಮ್ಮಿ ನಮ್ಮ ಉಗುರಿನಷ್ಟು. ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್‌ನದು 7. ಕಿಲ್ಮೋರಿಯ ಕೆತ್ತನೆಗಳಲ್ಲಿ ಒಂದರೊಳಗೊಂದು ಹೆಣೆದುಕೊಂಡ ಸಣ್ಣ ಸಣ್ಣ ಬಳ್ಳಿಗಳು ಉಳಿಗೆ ಒಲಿದದ್ದು ಈ ಮೆದುತನದಿಂದಲೇ.

ಆದರೆ ಉಳಿಗೆ ದಾರಿ ಬಿಟ್ಟ ಪದರ ನೀರಿಗೂ ಬಿಡುತ್ತದೆ. ಮಳೆ ಒಳಗೆ ಇಳಿಯುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗುತ್ತದೆ. ಪ್ರತಿ ಸಲವೂ ಒಂದು ಪುಟ್ಟ ಬೆಣೆ ಹೊಡೆದ ಹಾಗೆ. ಮೊದಲು ಸಿಪ್ಪೆಯೇಳುವುದು ಮೇಲ್ಮೈ, ಕೆತ್ತನೆ ಇರುವುದೂ ಅಲ್ಲೇ. ಅದಕ್ಕೇ ಆ ಮಾಡು. ಮ್ಯಾಕ್‌ಮಿಲನ್ ಶಿಲುಬೆ ಕೂಡ ಮೊದಲು ಹೊರಗೇ ನಿಂತಿತ್ತು. ಈಗ ಅದೂ ಒಳಗಿದೆ. ಜಿಂಕೆಯ ಬೆನ್ನು ಹತ್ತಿದ ನಾಯಿಗಳನ್ನು ಇವತ್ತಿಗೂ ಎಣಿಸಬಹುದು.