ಬೀಜಗಣಿತದಿಂದ ಕೋಡಿಂಗ್ ಥಿಯರಿಗೆ: ದಾರಿ ಎಲ್ಲಿಂದ, ಕೆಲಸ ಎಲ್ಲಿ?

ಪ್ರಶ್ನೆ: ನನ್ನ ಮಗಳು ಮಡಿಕೇರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ಮುಂದೆ ಕೋಡಿಂಗ್ ಥಿಯರಿಯಲ್ಲಿ ಪಿಎಚ್.ಡಿ. ಮಾಡುವ ಆಸೆ ಅವಳಿಗಿದೆ. ಈಗಿನಿಂದಲೇ ಆ ವಿಷಯವನ್ನು ಹಿಡಿಯಬೇಕೇ? ಓದಿದ ಮೇಲೆ ಉದ್ಯೋಗ ಸಿಗುತ್ತದೆಯೇ?
– ಒಬ್ಬ ತಾಯಿ, ವಿರಾಜಪೇಟೆ

ಉತ್ತರ: ಈಗಲೇ ಹಿಡಿಯಬೇಕಿಲ್ಲ. ಸಂದೇಶವನ್ನು ಕಳುಹಿಸುವಾಗ ಅಥವಾ ಕೂಡಿಡುವಾಗ ನುಸುಳುವ ತಪ್ಪನ್ನು ಪತ್ತೆಹಚ್ಚಿ ತಿದ್ದುವ ಈ ಗಣಿತಕ್ಕೆ ಬುನಾದಿಯೇ ಬೀಜಗಣಿತ. ಮಡಿಕೇರಿ ಪೇಟೆಯ ಅಂಗಡಿಯಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಮಳೆಗಾಲದ ತೇವಕ್ಕೆ ನಡುವೆ ಒಂದಿಷ್ಟು ಮಾಸಿದರೂ ಮೊಬೈಲ್ ಅದನ್ನು ಓದಬಲ್ಲದು. ಏಕೆಂದರೆ ಅದರೊಳಗೆ 256 ಅಂಶಗಳ ಫೈನೈಟ್ ಫೀಲ್ಡ್ (ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದಾದ ಸೀಮಿತ ಸಂಖ್ಯೆಯ ಅಂಶಗಳ ಗಣ) ಮೇಲೆ ಕಟ್ಟಿದ, 1960ರಲ್ಲಿ ಪ್ರಕಟವಾದ ರೀಡ್–ಸಾಲೊಮನ್ ಕೋಡ್ ಇರುತ್ತದೆ. (ಮೂಲೆಗಳಲ್ಲಿರುವ ಮೂರು ಚೌಕಗಳಿಗೆ ಈ ರಕ್ಷಣೆಯಿಲ್ಲ.)

ಈ ಶಾಖೆಯಲ್ಲಿ ಹೆಸರು ಮಾಡಿದ ಅನೇಕರು ಬೇರೆ ಕಡೆಯಿಂದ ಬಂದವರು. ರಾಜ್ ಚಂದ್ರ ಬೋಸ್ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಪ್ರಯೋಗಗಳ ವಿನ್ಯಾಸದ ಮೇಲೆ ಕೆಲಸ ಮಾಡಿದವರು. ಯಾವ ತಳಿಯನ್ನು ಯಾವ ತಾಕಿನಲ್ಲಿ ನೆಟ್ಟರೆ ಹೋಲಿಕೆ ನ್ಯಾಯವಾಗಿರುತ್ತದೆ ಎಂಬ ಪ್ರಶ್ನೆ ಅದರ ಮೂಲದಲ್ಲಿದೆ, ಚೆಟ್ಟಳ್ಳಿಯ ಕಾಫಿ ಸಂಶೋಧಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ವಿನ್ಯಾಸದ ಕೆಲಸದಲ್ಲಿ ಪಳಗಿದ ಫೈನೈಟ್ ಫೀಲ್ಡ್‌ಗಳನ್ನೇ ಬೋಸ್, 1949ರಲ್ಲಿ ಅಮೆರಿಕಕ್ಕೆ ಹೋದ ನಂತರ, ತಮ್ಮ ಶಿಷ್ಯ ರಾಯ್‌ಚೌಧುರಿ ಅವರೊಡನೆ ಕೋಡ್‌ಗಳಿಗೆ ಬಳಸಿದರು. ಫ್ರಾನ್ಸಿನ ಹೊಕೆಂಗೆಮ್ 1959ರಲ್ಲಿ ಅದನ್ನೇ ಸ್ವತಂತ್ರವಾಗಿ ಕಂಡುಕೊಂಡಿದ್ದರಿಂದ, ಬೋಸ್, ಚೌಧುರಿ, ಹೊಕೆಂಗೆಮ್ ಮೂವರ ಇಂಗ್ಲಿಷ್ ಮೊದಲಕ್ಷರ ಸೇರಿ ಇಂದು ಅದು ಬಿಸಿಎಚ್ ಕೋಡ್. ಗಣಿತಜ್ಞೆ ವೆರಾ ಪ್ಲೆಸ್ 1957ರಲ್ಲಿ ಪಿಎಚ್.ಡಿ. ಪಡೆದದ್ದು ಬೀಜಗಣಿತದ ಇನ್ನೊಂದು ಕವಲಾದ ರಿಂಗ್ ಥಿಯರಿಯಲ್ಲಿ. ಕೋಡ್‌ಗಳ ಕೆಲಸವನ್ನು ಅವರು ಅಮೆರಿಕದ ವಾಯುಪಡೆಯ ಪ್ರಯೋಗಾಲಯದಲ್ಲಿ ಹಿಡಿದು, ಅನಂತರ ಷಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಜೆಸ್ಸಿ ಮ್ಯಾಕ್‌ವಿಲಿಯಮ್ಸ್ ಅಮೆರಿಕದ ದೂರಸಂಪರ್ಕ ಸಂಶೋಧನಾ ಕೇಂದ್ರವಾದ ಬೆಲ್ ಪ್ರಯೋಗಾಲಯಕ್ಕೆ ಪ್ರೋಗ್ರಾಮರ್ ಆಗಿ ಸೇರಿ, ಮೂರು ಮಕ್ಕಳ ತಾಯಿಯಾಗಿ, 1962ರಲ್ಲಿ ತಮ್ಮ 45ನೆಯ ವಯಸ್ಸಿನಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದರು, ಆ ಪ್ರಬಂಧದ ಸಮೀಕರಣಗಳನ್ನು ಇಂದಿಗೂ ಪಠ್ಯಪುಸ್ತಕಗಳು ಅವರ ಹೆಸರಿನಲ್ಲೇ ಕಲಿಸುತ್ತವೆ.

ಉದ್ಯೋಗದ ಮಾತಿಗೆ ಬಂದರೆ, ನಮ್ಮಲ್ಲಿ ಅದು ಬಹುಮಟ್ಟಿಗೆ ಅಧ್ಯಾಪಕ ಹುದ್ದೆಯೇ. ಎಂ.ಎಸ್ಸಿ.ಯಲ್ಲಿ ಶೇ. 55 ಅಂಕಗಳೊಂದಿಗೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರು. ಆದರೆ ಸರ್ಕಾರಿ ನೇಮಕಾತಿ ನಿಧಾನ, ಅತಿಥಿ ಉಪನ್ಯಾಸಕರಾಗಿ ಕೆಲವು ವರ್ಷ ಕಳೆಯುವವರು ಕಡಿಮೆಯೇನಲ್ಲ. ಸಂಶೋಧನೆಯ ಅವಧಿಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಬೆಂಗಳೂರಿನ ದೂರಸಂಪರ್ಕ ಮತ್ತು ಚಿಪ್ ಕಂಪನಿಗಳ ಬಾಗಿಲೂ ಇದೆ, ಆದರೆ ಪ್ರೋಗ್ರಾಮಿಂಗ್ ಬಾರದ ಗಣಿತಜ್ಞರಿಗೆ ಅದು ಸುಲಭವಾಗಿ ತೆರೆಯುವುದಿಲ್ಲ.

ಸದ್ಯಕ್ಕೆ ಅವಳು ಲೀನಿಯರ್ ಆಲ್ಜೀಬ್ರಾ, ಗ್ರೂಪ್ ಮತ್ತು ಫೀಲ್ಡ್‌ಗಳನ್ನು ಗಟ್ಟಿ ಮಾಡಿಕೊಂಡು, ಐಐಟಿ ಎಂ.ಎಸ್ಸಿ. ಪ್ರವೇಶಕ್ಕಾಗಿ ಜ್ಯಾಮ್ ಪರೀಕ್ಷೆ ಬರೆಯಲಿ. ಗಣಿತ ವಿದ್ಯಾರ್ಥಿಗಳಿಗೆ ತರಬೇತಿ ಕೊಡುವ ಎಂಟಿಟಿಎಸ್ ಬೇಸಿಗೆ ಶಿಬಿರಕ್ಕೂ ಅರ್ಜಿ ಹಾಕಲಿ. ಪಿಎಚ್.ಡಿ.ಗೆ ನೋಂದಾಯಿಸುವಾಗ ಸಂಸ್ಥೆಯ ಹೆಸರಿಗಿಂತ ಮೊದಲು, ಮಾರ್ಗದರ್ಶಕರು ಕಳೆದ ಐದು ವರ್ಷಗಳಲ್ಲಿ ಕೋಡ್‌ಗಳ ಮೇಲೆ ಏನು ಪ್ರಕಟಿಸಿದ್ದಾರೆ ಎಂಬುದನ್ನು ನೋಡಲಿ.