ಕಪ್ಪು ಕಲ್ಲಿನೊಳಗೆ ಉಸಿರಾಡಿದವರು

ಕಪ್ಪು ಶೇಲ್, ಅಂದರೆ ಹಿಂದಿನ ಸಮುದ್ರತಳದ ಕೆಸರು ಗಟ್ಟಿಯಾಗಿ ಆದ ಕಲ್ಲು, ಕಂಡರೆ ಸಾಕು, ಆ ಸಮುದ್ರದ ತಳದಲ್ಲಿ ಆಮ್ಲಜನಕವೇ ಇರಲಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಇದು ಅವಸರದ ಮಾತು. ಕಪ್ಪು ಬಣ್ಣ ಹೇಳುವುದು ಇಷ್ಟೇ: ಪೂರ್ತಿ ಕೊಳೆಯದೆ ಉಳಿದ ಜೀವಿಗಳ ಇಂಗಾಲ ಇಲ್ಲಿ ಜಾಸ್ತಿ ಇದೆ. ತಳದಲ್ಲಿ ಯಾರಾದರೂ ಬದುಕಿದ್ದರಾ ಎಂದು ಫೊರಾಮಿನಿಫೆರಾಗಳನ್ನೇ ಕೇಳಬೇಕು.

ಇವು ಒಂದೇ ಕೋಶದ ಜೀವಿಗಳು. ಹೆಚ್ಚಿನವುಗಳ ಚಿಪ್ಪು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಕೆಲವು ನೀರಿನಲ್ಲಿ ತೇಲುತ್ತವೆ, ಉಳಿದವು ತಳದ ಕೆಸರಿನಲ್ಲಿರುತ್ತವೆ. ನಮಗೆ ಬೇಕಾದದ್ದು ಕೆಸರಿನವು. ಆಮ್ಲಜನಕ ಕಡಿಮೆ ಇರುವಲ್ಲಿ ನೆಲೆಸಿದ ಜಾತಿಗಳು ಹೆಚ್ಚಾಗಿ ಸಣ್ಣವು, ತೆಳು ಚಿಪ್ಪಿನವು, ಚಪ್ಪಟೆ ಇಲ್ಲವೇ ಉದ್ದನೆಯವು. ಅವಕ್ಕೆ ಕಿವಿರಿಲ್ಲ, ಶ್ವಾಸಕೋಶವಿಲ್ಲ. ಆಮ್ಲಜನಕ ಮೈಯಿಂದಲೇ ಒಳಗೆ ಇಳಿಯಬೇಕು. ಒಂದು ರಾಗಿ ಮುದ್ದೆ ನೆನೆಸಿಕೊಳ್ಳಿ. ಊಟ ಮುಗಿಯುತ್ತ ಬಂದರೂ ಅದರ ನಡುಭಾಗ ಬಿಸಿಯಾಗಿರುತ್ತದೆ. ಅಷ್ಟೇ ಹಿಟ್ಟನ್ನು ರೊಟ್ಟಿ ತಟ್ಟಿ ಸುಟ್ಟರೆ ಬೇಗ ಆರುತ್ತದೆ. ಹಿಟ್ಟು ಅಷ್ಟೇ, ಹೊರಮೈ ಮಾತ್ರ ಜಾಸ್ತಿ. ರೊಟ್ಟಿಯಿಂದ ಶಾಖ ಸುಲಭವಾಗಿ ಹೊರಬೀಳುವ ಹಾಗೆ ಚಪ್ಪಟೆ ಜೀವಿಯೊಳಕ್ಕೆ ಆಮ್ಲಜನಕ ಸುಲಭವಾಗಿ ಇಳಿಯುತ್ತದೆ. ಚಿಪ್ಪಿನಲ್ಲಿ ಸೂಕ್ಷ್ಮ ರಂಧ್ರಗಳೂ ಇರುತ್ತವೆ. ಇಂದಿನ ಬೊಲಿವಿನಾ ಎಂಬ ಫೊರಾಮಿನಿಫೆರಾಗಳಲ್ಲಿ, ಆಮ್ಲಜನಕ ಬಳಸಿ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗಳು ಈ ರಂಧ್ರಗಳ ಹಿಂದೆಯೇ ಗುಂಪುಗೂಡುತ್ತವೆ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಎಲ್ಲರೂ ಕಿಟಕಿಯ ಹತ್ತಿರ ಸೇರುತ್ತೇವಲ್ವಾ, ಹಾಗೆ.

1891ರಲ್ಲಿ ಭೂವಿಜ್ಞಾನಿ ಗೈಡೊ ಬೊನರೆಲ್ಲಿ ಇಟಲಿಯ ಗುಬ್ಬಿಯೊ ಬಳಿಯ ಬಿಳಿ ಸುಣ್ಣಕಲ್ಲಿನ ನಡುವೆ ಸುಮಾರು ಒಂದು ಮೀಟರ್ ದಪ್ಪದ ಕಪ್ಪು ಪದರವನ್ನು ವಿವರಿಸಿದರು. ಅದರ ವಯಸ್ಸು ಸುಮಾರು 9.4 ಕೋಟಿ ವರ್ಷ. ಮುಂದೆ ಸಾಗರತಳ ಕೊರೆದಾಗ ಆ ಕಾಲದ ಕಪ್ಪು ಕೆಸರು ದೂರದೂರದ ಸಾಗರಗಳಲ್ಲೂ ಸಿಕ್ಕಿತು. 1976ರಲ್ಲಿ ಭೂವಿಜ್ಞಾನಿಗಳಾದ ಶ್ಲಾಂಗರ್ ಮತ್ತು ಜೆಂಕಿನ್ಸ್ ಇಂಥ ಕಾಲಘಟ್ಟಗಳನ್ನು ಸಾಗರದ ಆಮ್ಲಜನಕ ಕೊರತೆಯ ಘಟನೆಗಳು ಎಂದು ಕರೆದರು.

ನನಗೆ ಜಾಸ್ತಿ ಇಷ್ಟವಾಗುವ ಸಾಕ್ಷಿ ಇರುವುದು ಅಮೆರಿಕದ ಕೊಲೊರಾಡೊದ ಪ್ಯೂಬ್ಲೊದಲ್ಲಿ. ಆಗ ಅಲ್ಲಿ ಕಡಲಿತ್ತು. ಕೆಳಗಿನ ಶೇಲ್‌ನಲ್ಲಿ ತಳದ ಫೊರಾಮಿನಿಫೆರಾಗಳು (ಚಿಕ್ಕದಾಗಿ ಫೊರಾಮ್‌ಗಳು) ಬಹಳ ಅಪರೂಪ. ಆದರೆ 9.4 ಕೋಟಿ ವರ್ಷದ ಹಿಂದಿನ ಆ ಜಾಗತಿಕ ಘಟನೆ ಶುರುವಾಗುವ ಹೊತ್ತಿಗೇ ಅಲ್ಲಿ ಅವು ಥಟ್ಟನೆ ಹೆಚ್ಚುತ್ತವೆ! ಬೇರೆ ಕಡೆ ತಳ ಉಸಿರುಗಟ್ಟುತ್ತಿದ್ದಾಗ ಆ ಕಡಲಿನ ತಳಕ್ಕೆ ಸ್ವಲ್ಪ ಆಮ್ಲಜನಕ ಬಂದಿತ್ತು. ಬರೀ ಬಣ್ಣ ನೋಡಿದರೆ ಇದು ಗೊತ್ತಾಗುತ್ತಿರಲಿಲ್ಲ.

ಚಿಪ್ಪು ಸಿಗದಿದ್ದರೆ ಜೀವ ಇರಲಿಲ್ಲ ಎಂದೂ ಹೇಳಬಾರದು. ಸುಣ್ಣದ ಚಿಪ್ಪು ಕರಗಿಹೋಗಿರಬಹುದು. ಬೊನರೆಲ್ಲಿ ಪದರದಲ್ಲಿ ಸುಣ್ಣ ಬಹಳ ಕಡಿಮೆ, ಅಲ್ಲಿ ಉಳಿದಿರುವುದು ಹೆಚ್ಚಾಗಿ ರೇಡಿಯೊಲೇರಿಯಾ ಎಂಬ ತೇಲುವ ಏಕಕೋಶ ಜೀವಿಗಳ ಸಿಲಿಕಾ ಚಿಪ್ಪುಗಳು. ಹಾಗಾಗಿ ಮರಳ ಕಣಗಳನ್ನು ಅಂಟಿಸಿ ಮನೆ ಕಟ್ಟುವ ಫೊರಾಮ್‌ಗಳನ್ನೂ ಹುಡುಕಬೇಕಾಗುತ್ತದೆ.

ಚಿಪ್ಪುಗಳ ಈ ಭಾಷೆಯನ್ನು ನಾವು ಕಲಿತದ್ದು ಜೀವಂತ ಫೊರಾಮ್‌ಗಳಿಂದ. ಮಂಗಳೂರು, ಕಾರವಾರದಾಚೆ ಪಡುವಣ ಕಡಲು ಆಳಕ್ಕಿಳಿದರೆ ನೂರಾರು ಮೀಟರ್ ದಪ್ಪದ, ಆಮ್ಲಜನಕ ತೀರಾ ಕಡಿಮೆ ಇರುವ ನೀರು ಸಿಗುತ್ತದೆ. ಅರಬ್ಬೀ ಸಮುದ್ರದ ಅಂಥ ತಳದ ಕೆಸರಿನಲ್ಲಿ ಬೊಲಿವಿನಾಗಳು ಇವತ್ತೂ ರಂಧ್ರಗಳಿಂದ ಉಸಿರು ಎಳೆದುಕೊಳ್ಳುತ್ತಿವೆ.