ಕಾರ್ಡ್ ಬದಲಿಸುವ ಮುಂಚೆ ಆ ಒಂದು ಗ್ರಾಫ್ ನೋಡಿ

ದಾವಣಗೆರೆ ಸುತ್ತಮುತ್ತಲಿನ ಮದುವೆ ವಿಡಿಯೋದವರು ನನ್ನ ಕಂಪ್ಯೂಟರ್ ಅಂಗಡಿಗೆ ಬರುವುದು ಹೆಚ್ಚಾಗಿ ಆಷಾಢದಲ್ಲಿ. ಆಗ ಮುಹೂರ್ತಗಳಿರುವುದಿಲ್ಲ, ಎಡಿಟಿಂಗ್ ಮಾತ್ರ ರಾಶಿ ಬಿದ್ದಿರುತ್ತದೆ. ಶ್ರಾವಣ ಬರುವುದರೊಳಗೆ ಸಿಸ್ಟಮ್ ಸರಿಮಾಡಿಕೊಳ್ಳುವ ಅವಸರ. ಕಳೆದ ಆಷಾಢದಲ್ಲಿ ಹರಿಹರದ ಹುಡುಗನೊಬ್ಬ ಗೆಳೆಯನ ಬೈಕಿನ ಹಿಂದೆ ಕೂತು, ಕ್ಯಾಬಿನೆಟ್ಟನ್ನು ಮಗುವಿನಂತೆ ತಬ್ಬಿಕೊಂಡು ಬಂದ.

"ಸರ್, ಸಾಲ ಮಾಡಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕ್ಸೀನ್ರಿ. ಆದ್ರೂ ಟೈಮ್‌ಲೈನ್ ಹಿಡ್ಕಂತೈತಿ. ಇನ್ನೂ ದೊಡ್ಡ ಕಾರ್ಡ್ ಹಾಕ್ಬೇಕೇನ್ರಿ?"

ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಅವನ ಪ್ರಾಜೆಕ್ಟ್ ತೆರೆದು ಧಾರೆಯ ದೃಶ್ಯ ಓಡಿಸಿದೆ. ಯಾವ ಭಾಗಕ್ಕೆ ಎಷ್ಟು ಹೊರೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲೇ ಇಟ್ಟುಕೊಂಡೆ. ಸಿಪಿಯು, ಅಂದರೆ ಪ್ರೊಸೆಸರ್, ಶೇಕಡಾ 100ಕ್ಕೆ ಮುಟ್ಟಿ ಅಲ್ಲೇ ನಿಂತಿತು. ಜಿಪಿಯು (ಗ್ರಾಫಿಕ್ಸ್) ಪುಟದಲ್ಲಿ 'ವಿಡಿಯೋ ಡಿಕೋಡ್' ಅನ್ನುವ ಸಣ್ಣ ಗ್ರಾಫ್ ಇರುತ್ತದೆ. ಅದು ಸೊನ್ನೆಯ ಮೇಲೆ ನೆಟ್ಟಗೆ ಮಲಗಿತ್ತು. ಅಂದರೆ ಸಾಲದ ಕಾರ್ಡ್ ಕುಗ್ಗಿಸಿಟ್ಟ ಫೈಲನ್ನು ಬಿಚ್ಚುವ (ಡಿಕೋಡ್) ಕೆಲಸಕ್ಕೆ ಕೈಯನ್ನೇ ಹಾಕಿರಲಿಲ್ಲ.

ಅದಕ್ಕೆ ಕಾರಣ ಕ್ಯಾಮೆರಾ ಫೈಲಿನ ಒಳಗಿದೆ. ಎಚ್.265 ಅನ್ನುವುದು ವಿಡಿಯೋ ಕುಗ್ಗಿಸಿಡುವ ಒಂದು ಬಗೆ; ಆ ಫೈಲಿನಲ್ಲಿ ಪ್ರತಿ ಫ್ರೇಮೂ ಇಡಿಯಾಗಿ ಇರುವುದಿಲ್ಲ. ಹಾಲಿನವರ ಲೆಕ್ಕದ ಪುಸ್ತಕದ ಹಾಗೆ ಅದು. ಒಂದನೇ ತಾರೀಖು ಬಾಕಿ ಪೂರ್ತಿ ಬರೆದಿರುತ್ತಾರೆ, ಆಮೇಲೆ ದಿನಕ್ಕೆ ಎಷ್ಟು ಕೂಡಿತು ಅನ್ನುವುದಷ್ಟೇ. ಹದಿನೈದನೇ ದಿನದ ಬಾಕಿ ಬೇಕೆಂದರೆ ಮೊದಲಿಂದ ಕೂಡಿಸಿಕೊಂಡು ಬರಬೇಕು. ನೀವು ಟೈಮ್‌ಲೈನ್ ಮೇಲೆ ಮೌಸ್ ಎಳೆದಾಡಿದಷ್ಟು ಸಲವೂ ಈ ಕೂಡಿಕೆ ಹೊಸದಾಗಿ ಶುರು. ಮೂರು ಕ್ಯಾಮೆರಾದ ಮಲ್ಟಿಕ್ಯಾಮ್ ಆದರೆ ಮೂರು ಪುಸ್ತಕ. ಈ ಕೆಲಸಕ್ಕೆಂದೇ ಚಿಪ್ಪಿನೊಳಗೆ ಪ್ರತ್ಯೇಕ ಡಿಕೋಡರ್ ಇರುತ್ತದೆ. ಅದಕ್ಕೆ ಆ ಫೈಲಿನ ಬಗೆ ಗೊತ್ತಿಲ್ಲದಿದ್ದರೆ ಹೊರೆಯೆಲ್ಲ ಸಿಪಿಯು ಹೆಗಲಿಗೆ.

ಹುಡುಗನದು ಸೋನಿ ಎ7 ಮಾರ್ಕ್ 4. ಎಕ್ಸ್‌ಎವಿಸಿ ಎಚ್‌ಎಸ್, 10 ಬಿಟ್, 4:2:2 ಇಟ್ಟಿದ್ದ. ಎಚ್‌ಎಸ್ ಅಂದರೆ ಸೋನಿಯ ಎಚ್.265 ಫೈಲು, 4:2:2 ಅಂದರೆ ಫೈಲಿನಲ್ಲಿ ಬಣ್ಣ ಎಷ್ಟು ಉಳಿಸಬೇಕು ಅನ್ನುವ ಲೆಕ್ಕ. ಈ 4:2:2 ಎಚ್.265 ಅನ್ನು ಎನ್ವಿಡಿಯಾದ 30 (3060 ಇದರಲ್ಲೇ ಬರುತ್ತದೆ), 40 ಸರಣಿಯ ಯಾವ ಕಾರ್ಡೂ ಬಿಚ್ಚುವುದಿಲ್ಲ; 2025ರಲ್ಲಿ ಬಂದ 50 ಸರಣಿಗೆ ಮಾತ್ರ ಆ ಶಕ್ತಿ ಬಂದಿದೆ. ಆದರೆ 12ನೇ ಪೀಳಿಗೆಯ ಇಂಟೆಲ್ ಐ5 ಒಳಗಿರುವ ಸಾಧಾರಣ ಗ್ರಾಫಿಕ್ಸ್ ಅದನ್ನು ಆರಾಮಾಗಿ ಬಿಚ್ಚುತ್ತದೆ. ಇವನ ಪ್ರೊಸೆಸರ್ ಕೂಡ ಅದೇ ಪೀಳಿಗೆಯದು, ಐ5-12400ಎಫ್. ಕೊನೆಯಲ್ಲಿ 'ಎಫ್' ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಸ್ವಲ್ಪ ದುಡ್ಡು ಉಳಿಯುತ್ತದೆಂದು ಅದನ್ನು ಕೊಂಡಿದ್ದ, ಕೊಟ್ಟವರೂ ಏನು ಕೆಲಸಕ್ಕೆ ಎಂದು ಕೇಳಿರಲಿಲ್ಲ. ಗೇಮ್ ಆಡುವವರಿಗೆ ಎಫ್ ಒಳ್ಳೆಯ ಆಯ್ಕೆ. ಎಡಿಟಿಂಗ್‌ಗೆ ಬಂದವರಿಗೆ ಮಾತ್ರ ನಾನು ಅದನ್ನು ಕೊಡುವುದಿಲ್ಲ.

ಅದೇ ಸಾಕೆಟ್ಟಿಗೆ ಎಫ್ ಇಲ್ಲದ 12400 ಕೂರಿಸಿದೆ. ಕಾರ್ಡ್ ಇರುವಾಗ ಹಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡಿಬಿಡುತ್ತವೆ. ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ ಐಜಿಪಿಯು (ಒಳಗಿನ ಗ್ರಾಫಿಕ್ಸ್) ಮಲ್ಟಿ ಮಾನಿಟರ್ ಆನ್ ಮಾಡಿ, ಪ್ರೀಮಿಯರ್‌ನ ಮೀಡಿಯಾ ಸೆಟ್ಟಿಂಗ್‌ನಲ್ಲಿ ಇಂಟೆಲ್ ಡಿಕೋಡಿಂಗ್‌ಗೆ ಟಿಕ್ ಹಾಕಿದೆ. ಈ ಎರಡು ಹೆಜ್ಜೆ ಬಿಟ್ಟರೆ ಹೊಸ ಪ್ರೊಸೆಸರ್ ಹಾಕಿಯೂ ಫಲವಿಲ್ಲ. ಮತ್ತೆ ಧಾರೆ ಓಡಿಸಿದಾಗ ಡಿಕೋಡ್ ಗ್ರಾಫ್ ಎದ್ದಿತು, ಸಿಪಿಯು ಅರ್ಧಕ್ಕಿಂತ ಕೆಳಗಿಳಿಯಿತು. 3060 ಈಗ ಬಣ್ಣ ತಿದ್ದುವುದು, ಎಫೆಕ್ಟ್, ಎಕ್ಸ್‌ಪೋರ್ಟ್ ಅಂತ ತನ್ನ ಪಾಲಿನ ಕೆಲಸಕ್ಕೆ ಕೂತಿತು.

ಕೈಯಲ್ಲಿ ದುಡ್ಡಿಲ್ಲದವರಿಗೂ ದಾರಿಯಿದೆ. ಕ್ಯಾಮೆರಾದಲ್ಲಿ ಬಣ್ಣ ಸ್ವಲ್ಪ ಕಡಿಮೆ ಉಳಿಸುವ 4:2:0, 10 ಬಿಟ್ ಇಟ್ಟರೆ 3060 ತಾನೇ ಬಿಚ್ಚುತ್ತದೆ, ಮದುವೆ ಕೆಲಸಕ್ಕೆ ಆ ಬಣ್ಣ ಧಾರಾಳ ಸಾಕು. ಈಗಾಗಲೇ ಶೂಟ್ ಆಗಿದ್ದಕ್ಕೆ ರಾತ್ರಿ ಮಲಗುವ ಮುಂಚೆ ಪ್ರಾಕ್ಸಿ (ಎಡಿಟಿಂಗ್‌ಗೆ ಬಳಸುವ ಹಗುರ ನಕಲು) ಹಾಕಿಡಿ. ಇನ್ನೊಂದು ಎಚ್ಚರಿಕೆ: ಎಕ್ಸ್‌ಎವಿಸಿ ಎಸ್ ಆರಿಸಿ 4:2:2 ಇಟ್ಟರೆ ಅದು ಎಚ್.264. ಅದನ್ನು ಈ ಇಂಟೆಲ್ ಚಿಪ್ಪೂ ಬಿಚ್ಚುವುದಿಲ್ಲ.

ಡಿಸ್ಕ್ ವಿಷಯದಲ್ಲಿ ವೇಗದ ಅಂಕಿಗಳಿಗೆ ಮರುಳಾಗಬೇಡಿ. 200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್) ಫೈಲಿಗೆ, 8 ಬಿಟ್‌ಗೆ ಒಂದು ಬೈಟ್ ಲೆಕ್ಕದಲ್ಲಿ, ಸೆಕೆಂಡಿಗೆ ಬೇಕಾದದ್ದು 25 ಎಂಬಿ (ಮೆಗಾಬೈಟ್). ಸೆಕೆಂಡಿಗೆ 550 ಎಂಬಿಯ ಸಾಟಾ ಎಸ್‌ಎಸ್‌ಡಿಗೆ ಅದು ಲೆಕ್ಕವೇ ಅಲ್ಲ. ಹಳೆಯ ಹಾರ್ಡ್ ಡಿಸ್ಕ್ ಸೋಲುವುದು ಮೂರು ಫೈಲು, ಅದರ ಮೇಲೆ ಕ್ಯಾಶೆ (ಸಾಫ್ಟ್‌ವೇರ್ ಬರೆದಿಡುವ ತಾತ್ಕಾಲಿಕ ಫೈಲು), ಎಲ್ಲದಕ್ಕೂ ಡಿಸ್ಕಿನ ಓದುವ ಮುಳ್ಳು ಅತ್ತಿತ್ತ ಓಡಬೇಕಾದಾಗ. ಕ್ಯಾಶೆಯನ್ನಾದರೂ ಎಸ್‌ಎಸ್‌ಡಿಗೆ ಹಾಕಿ.

ರ‍್ಯಾಮ್ ನಿಜವಾಗಿ ಬೇಕಾಗುವುದು ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರಿನಲ್ಲಿ ಎಫೆಕ್ಟ್ ಮಾಡುವವರಿಗೆ. 4ಕೆ ಫ್ರೇಮಿನಲ್ಲಿ 83 ಲಕ್ಷ ಪಿಕ್ಸೆಲ್, ಒಂದೊಂದಕ್ಕೂ 4 ಬೈಟ್ ಹಿಡಿದರೆ ಫ್ರೇಮಿಗೆ 33 ಎಂಬಿ, 50 ಫ್ರೇಮಿನ ಒಂದು ಸೆಕೆಂಡಿಗೆ 1.6 ಜಿಬಿ. 16 ಜಿಬಿಯಲ್ಲಿ ವಿಂಡೋಸ್ ಪಾಲು ಕಳೆದರೆ ಪ್ರಿವ್ಯೂಗೆ ಕೆಲವೇ ಸೆಕೆಂಡು. 32 ಹಾಕುವುದಾದರೆ 16ರ ಎರಡು ಸ್ಟಿಕ್ ಹಾಕಿಸಿ.

ನಮ್ಮ ಕಡೆಯ ಧೂಳಿನ ಬಗ್ಗೆಯೂ ಹೇಳಬೇಕು. ಹುಡುಗನ ಕ್ಯಾಬಿನೆಟ್ ತೆರೆದಾಗ ಪ್ರೊಸೆಸರ್ ತಣಿಸುವ ಹೀಟ್‌ಸಿಂಕಿನ ಸಂದಿಗಳಲ್ಲಿ ಕಂಬಳಿಯಂತೆ ಧೂಳು ಕೂತಿತ್ತು, ಅವೆರಡರ ನಡುವಿನ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಬಿಸಿ 100 ಡಿಗ್ರಿ ಹತ್ತಿರ ಹೋದರೆ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ. ಬ್ಲೋವರ್ ಹಿಡಿದು, ಹೊಸ ಪೇಸ್ಟ್ ಹಚ್ಚಿದೆ.

ಸಂಜೆ ಅವನು ಮತ್ತೆ ಕ್ಯಾಬಿನೆಟ್ಟನ್ನು ತಬ್ಬಿಕೊಂಡೇ ಹೊರಟ. ಬಿಚ್ಚಿದ 12400ಎಫ್ ಅನ್ನು ವಾರದೊಳಗೆ ಗೇಮ್ ಆಡುವ ಕಾಲೇಜು ಹುಡುಗನಿಗೆ ಮಾರಿಕೊಟ್ಟು, ಆ ದುಡ್ಡನ್ನು ಅವನ ಬಿಲ್ಲಿನಲ್ಲಿ ಕಳೆದೆ.